ಗೊಂಬೆಗೆ ಕಿವಿ ಇರಲಿಲ್ಲ

ಜೂನ್ ೩

ಅಕ್ಕಾ,

ಎರಡು ವರ್ಷದ ಮೇಲೆ ಬರೆಯುತ್ತಿದ್ದೇನೆ. ಏಳು ಸಲ ಫೋನ್ ಮಾಡಿದೆ, ನೀನು ಎತ್ತಲಿಲ್ಲ. ಎಂಟನೇ ಸಲ ಎತ್ತಿದವಳು ನಾನು ಬಾಯಿ ತೆರೆಯುವ ಮೊದಲೇ "ಹೇಳೋದಿದ್ರೆ ಕಾಗದ ಬರಿ!" ಎಂದು ಬೀದಿಗೆಲ್ಲ ಕೇಳುವ ಹಾಗೆ ಕಿರುಚಿ ಇಟ್ಟುಬಿಟ್ಟೆ. ಸರಿ, ಬರೆದಿದ್ದೇನೆ. ಓದದೆ ಒಲೆಗೆ ಹಾಕಬೇಡ. ವಿಷಯ ನಿನ್ನದೇ.

ನಿಮ್ಮ ಡಬ್ಬದ ಕಾರ್ಖಾನೆಗೆ ಐವತ್ತು ವರ್ಷ ತುಂಬುತ್ತಿದೆ. ಹಳೆಯ ಕೆಲಸಗಾರರಲ್ಲಿ ನಲವತ್ತು ಜನರ ಭಾವಚಿತ್ರ ತೆಗೆಸಿ ಗೇಟಿನ ಒಳಗಿನ ಉದ್ದ ಗೋಡೆಗೆ ಹಾಕುತ್ತಾರಂತೆ. ಆ ಕೆಲಸ ನಮ್ಮ ಸ್ಟುಡಿಯೋಗೆ ಬಂದಿದೆ. ಆದರೆ ಅವರು ಕಳಿಸಿದ ಪಟ್ಟಿಯಲ್ಲಿ ಎಲ್ಲ ವಿಭಾಗವೂ ಇತ್ತು, ನಿನ್ನ ಮುಚ್ಚಳದ ಶೆಡ್ ಮಾತ್ರ ಇರಲಿಲ್ಲ. ನಾನು ಸುಮ್ಮನಿರಲಿಲ್ಲ. "ಡಬ್ಬಕ್ಕೆ ಮುಚ್ಚಳ ಬೇಡವಾ ಸಾರ್?" ಎಂದು ಮ್ಯಾನೇಜರ್‌ಗೆ ಮೇಲಿಂದ ಮೇಲೆ ಬರೆದು ನಿಮ್ಮ ಶೆಡ್ಡಿನ ಹನ್ನೆರಡು ಜನರನ್ನು ಸೇರಿಸಿದೆ. ಮೊದಲ ಹೆಸರು ನಿನ್ನದು.

ಸ್ಟುಡಿಯೋದಲ್ಲಿ ನಾನು ಏನು ಮಾಡುತ್ತೇನೆ ಎಂದು ನೀನು ಎಂದೂ ಕೇಳಲಿಲ್ಲ, ನಾನೇ ಹೇಳುತ್ತೇನೆ. ಫೋಟೋ ತೆಗೆಯುವವರು ಬೇರೆ. ಅವರ ಬೆನ್ನ ಹಿಂದೆ ನಾವೆಲ್ಲ 'ಗಡ್ಡ' ಎನ್ನುತ್ತೇವೆ, ಎದೆಯವರೆಗೂ ಇದೆ. ನಾನು ಫೋಟೋವನ್ನು ತೆಗೆಯುವ ಮೊದಲೇ ಕಂಪ್ಯೂಟರಿನಲ್ಲಿ ತೆಗೆದಿಡುವವಳು. ನಿಮ್ಮ ಊಟದ ಹಾಲ್ ಎಷ್ಟು ಉದ್ದ, ಕಿಟಕಿ ಎಲ್ಲಿ, ಎಲ್ಲ ಅಳತೆ ಹಾಕಿ ಪರದೆಯೊಳಗೆ ಅದೇ ಹಾಲ್ ಕಟ್ಟುತ್ತೇನೆ. ಕುರ್ಚಿ ಹಾಕಿ ಒಂದು ಗೊಂಬೆ ಕೂರಿಸುತ್ತೇನೆ. ದೀಪವನ್ನು ಇಷ್ಟು ಎಳೆದರೆ ಮೂಗಿನ ನೆರಳು ತುಟಿಗೆ ಬೀಳುತ್ತದೆ, ಇಷ್ಟು ಎತ್ತಿದರೆ ಕಣ್ಣಿನ ಕೆಳಗಿನ ಕಪ್ಪು ಮಾಯ. ಒಬ್ಬೊಬ್ಬರಿಗೂ ಒಂದೊಂದು ಹಾಳೆ. ಎಲ್ಲ ಸೇರಿಸಿ ಪುಸ್ತಕ ಮಾಡಿ ಮ್ಯಾನೇಜರ್ ಸಹಿ ಹಾಕಿಸಿಕೊಳ್ಳುತ್ತೇವೆ. ಸಹಿ ಬಿದ್ದ ಹಾಳೆ ಬಿಟ್ಟು ಗಡ್ಡ ಒಂದು ಇಂಚು ಆಚೀಚೆ ಹೋಗುವುದಿಲ್ಲ. ಹಿಂದೊಮ್ಮೆ ಒಬ್ಬ ಗಿರಾಕಿ "ಇದು ನನ್ನ ಮುಖಾನೇ ಅಲ್ಲ" ಎಂದು ಕೂಗಾಡಿದ ಮೇಲೆ ಹಾಕಿಕೊಂಡ ನಿಯಮ ಅದು.

ಜುಲೈ ೧೧ಕ್ಕೆ ಅವರು ಅಲ್ಲಿಗೆ ಬರುತ್ತಾರೆ. ನಾನು ಬರುವುದಿಲ್ಲ. ಬಂದರೂ ನಿನ್ನ ಬಾಗಿಲು ತೆರೆಯುತ್ತದೋ ಇಲ್ಲವೋ. ಕೂತಾಗ ನೆಲದಿಂದ ಕಣ್ಣಿಗೆ ಎಷ್ಟು, ಭುಜದ ಅಗಲ ಎಷ್ಟು, ಕನ್ನಡಕ ಬಂದಿದೆಯಾ, ಇಷ್ಟು ಬರೆದು ಕಳಿಸು. ಜಗಳ ಆಮೇಲೆ ಆಡೋಣ.

ಗುಬ್ಬಿ


ಜೂನ್ ೯

ಗುಬ್ಬಿ,

ನನ್ನ ಹೆಸರು ತೆಗೆಸು.

ಯಾರನ್ನು ಕೇಳಿ ಸೇರಿಸಿದೆ? ಮುಖ ನನ್ನದು, ಸಹಿ ಮ್ಯಾನೇಜರನದು! ಹದಿನೆಂಟು ವರ್ಷ ಆ ಶೆಡ್ಡಿನಲ್ಲಿ ನನ್ನ ಮುಖ ಯಾರಿಗೂ ಬೇಕಿರಲಿಲ್ಲ. ಪ್ರೆಸ್ಸಿನ ಕೆಳಗೆ ತಗಡು ತಳ್ಳುವ ಎರಡು ಕೈ ಬೇಕಿತ್ತು, ನಿಮಿಷಕ್ಕೆ ಇಷ್ಟು ಮುಚ್ಚಳ ಬೇಕಿತ್ತು. ಫ್ಯಾನ್ ಹಾಕಿಸಿ ಎಂದಾಗ ನಾವು ಕೂಲಿಯವರು. ಗೋಡೆ ಖಾಲಿ ಇದ್ದಾಗ ನಾವು ಕುಟುಂಬ.

ಗೊಂಬೆ ಕೂರಿಸುತ್ತಾಳಂತೆ, ಗೊಂಬೆ! ಎಂಟು ಗಂಟೆ ನಿಂತರೆ ನಿನ್ನ ಗೊಂಬೆಗೆ ಕಾಲು ಊದುತ್ತದೆಯೇ, ನಿನ್ನ ಕಂಪ್ಯೂಟರನ್ನು ಕೇಳಿ ಹೇಳು. ಅಷ್ಟು ಚೆಂದದ ಗೊಂಬೆ ಇದ್ದ ಮೇಲೆ ಅದರ ಫೋಟೋವನ್ನೇ ಗೋಡೆಗೆ ಹೊಡೆಯಲಿ. ಅದು ರಜೆ ಕೇಳುವುದಿಲ್ಲ, ಧಿಕ್ಕಾರ ಕೂಗುವುದಿಲ್ಲ.

ಜುಲೈ ೧೧ಕ್ಕೆ ನನಗೆ ಜ್ವರ ಬರುತ್ತದೆ ಎಂದು ಈಗಲೇ ಹೇಳಿರುತ್ತೇನೆ. ಅದಕ್ಕೂ ಒಂದು ಪ್ಲಾನ್ ಹಾಕಿಕೋ.

ಹೆಸರು ತೆಗೆಸಿದ ಮೇಲೆ ಬರಿ. ಫೋನ್ ಮಾಡಬೇಡ.

ಅಕ್ಕ


ಜೂನ್ ೧೩

ಅಕ್ಕಾ,

ತೆಗೆಸಲು ಆಗುವುದಿಲ್ಲ. ಹೆಸರಿನ ಪಟ್ಟಿಗೆ ಸಹಿ ಬಿದ್ದಾಗಿದೆ. ಬರದವರು ಕಾರಣ ಬರೆದುಕೊಡಬೇಕು, ಜ್ವರ ಎಂದರೆ ಕಂಪನಿ ಡಾಕ್ಟರೇ ಬಂದು ನೋಡುತ್ತಾರಂತೆ.

ನಿನಗೆ ಸಿಟ್ಟು ಕಂಪನಿಯ ಮೇಲಲ್ಲ, ನನ್ನ ಮೇಲೆ. ನಾನು ಮಾಡಿದ್ದು ಯಾವುದೂ ನಿನಗೆ ಬೇಡ. ಇದನ್ನು ಬರೆಯಬಾರದು ಎಂದು ನಾಲ್ಕು ಹಾಳೆ ಹರಿದೆ. ಐದನೆಯದರಲ್ಲಿ ಬರೆದೇಬಿಡುತ್ತೇನೆ.

ಎರಡು ವರ್ಷದ ಹಿಂದೆ ನಿನ್ನ ಕೋಣೆಗೆ ಬಂದು ಕಿಟಕಿಯ ಕಟ್ಟೆಯ ಮೇಲೆ ಕೂತೆ. ಆಸ್ಪತ್ರೆಯ ಚೀಟಿ ಇನ್ನೂ ಕೈಯಲ್ಲಿತ್ತು. "ಮಗು ಉಳೀಲಿಲ್ಲ ಅಕ್ಕ. ಸೀದಾ ಇಲ್ಲಿಗೇ ಬಂದೆ" ಎಂದೆ. ಅಷ್ಟು ಹೇಳಲು ಬಸ್ಸಿನಲ್ಲಿ ಆರು ಗಂಟೆ ಪದ ಜೋಡಿಸಿಕೊಂಡಿದ್ದೆ. ನೀನು ನಕ್ಕೆ. ತಲೆ ಆಡಿಸಿ "ಒಳ್ಳೇದಾಯ್ತು ಬಿಡು, ಟೀ ಕುಡೀತೀಯಾ?" ಎಂದೆ. ನಾನು ಲೋಟ ಮುಟ್ಟದೆ ಎದ್ದೆ. ಮೆಟ್ಟಿಲಲ್ಲಿ ನಿಂತು ಒಂದು ಸಲ ಕರೆದೆ. ನೀನು ಒಲೆಯ ಕಡೆ ತಿರುಗಿ ನಿಂತವಳು ತಿರುಗಿ ನೋಡಲಿಲ್ಲ.

ಅಳತೆ ಕೊಡದಿದ್ದರೆ ಬೇಡ. ನಿನ್ನ ಹಳೆ ಬಟ್ಟೆ ತೊಟ್ಟು ಬೆಳೆದವಳು ನಾನು, ನಿನ್ನ ಭುಜ ಎಷ್ಟು ಇಂಚು ಎಂದು ಯಾರೂ ಹೇಳಿಕೊಡಬೇಕಾಗಿಲ್ಲ. ಗೊಂಬೆ ಆಗಲೇ ತಯಾರಾಗಿದೆ. ಅದು ನಗುವುದಿಲ್ಲ, ಸದ್ಯ.

ಆ ದಿನ ನೀನು ಮಾಡಬೇಕಾದ್ದು ಏನೂ ಇಲ್ಲ. ಗಡ್ಡ ದೀಪಗಳ ಹಿಂದೆ ಕತ್ತಲಲ್ಲಿ ನಿಂತು ಹೇಳುತ್ತಾ ಹೋಗುತ್ತಾರೆ, "ಗಲ್ಲ ಕೆಳಗೆ, ಎಡಕ್ಕೆ, ಇನ್ನೊಂಚೂರು, ಹಾಂ ಅಲ್ಲೇ" ಎಂದು. ಹೇಳಿದ ಹಾಗೆ ತಿರುಗಿದರೆ ಸಾಕು. ನನಗಾಗಿ ಅಷ್ಟೂ ಆಗುವುದಿಲ್ಲವೇ?

ಗುಬ್ಬಿ


ಜೂನ್ ೨೦

ಅಕ್ಕಾ,

ಏಳು ದಿನವಾಯಿತು. ಅಂಚೆಯವನನ್ನು ಬೀದಿಯ ತಿರುವಿನಲ್ಲೇ ಹಿಡಿದು ನಿಲ್ಲಿಸುತ್ತಿದ್ದೇನೆ. "ನಿಮ್ಮ ಕಾಗದ ನಾನು ತಿಂದ್ಕೊಂಡಿಲ್ಲ ಕಣಮ್ಮ" ಎನ್ನುತ್ತಾನೆ. ಬರೆದದ್ದು ತಪ್ಪಾಯಿತೇ? ತಪ್ಪಾಯಿತು ಎಂದಾದರೂ ಬರಿ. ಬೈದಾದರೂ ಬರಿ. ಖಾಲಿ ಹಾಳೆ ಮಡಚಿ ಕಳಿಸಿದರೂ ಆಯಿತು.

ಗುಬ್ಬಿ


ಜೂನ್ ೨೪

ಗುಬ್ಬಿ,

ಮೊದಲು ಎಲ್ಲಾದರೂ ಕುಳಿತುಕೋ.

ನಾನು ನಗಲಿಲ್ಲ ಕಣೇ. ನನಗೆ ಕೇಳಿಸಲಿಲ್ಲ.

ನನ್ನ ಕಿವಿ ಹೋಗಿ ನಾಲ್ಕು ವರ್ಷವಾಯಿತು. ಒಂದೇ ದಿನ ಹೋಗಲಿಲ್ಲ. ಮೊದಲು ಹಕ್ಕಿಗಳು ಹೋದವು. ಆಮೇಲೆ ನಲ್ಲಿಯ ನೀರು ಹೋಯಿತು, ತುಂಬಿ ಹರಿದು ಕಾಲು ಒದ್ದೆಯಾದಾಗ ಗೊತ್ತಾಗುತ್ತಿತ್ತು. ಆಮೇಲೆ ಹೆಂಗಸರ ದನಿ, ಕೊನೆಗೆ ಗಂಡಸರದ್ದು. ಈಗ ಉಳಿದಿರುವುದು ಪ್ರೆಸ್ಸಿನ ಗುದ್ದು ಒಂದೇ, ಅದನ್ನೂ ಅಂಗಾಲಿನಿಂದ ಕೇಳುತ್ತೇನೆ. ಫೋನಿನಲ್ಲಿ ಕಿರುಚಿದೆ ಎಂದೆಯಲ್ಲ, ನನ್ನ ದನಿ ಎಷ್ಟು ಜೋರು ಎಂದು ನನಗೇ ತಿಳಿಯುವುದಿಲ್ಲ.

ತುಟಿ ನೋಡಿ ಬದುಕುತ್ತಿದ್ದೇನೆ. ತಿಳಿಯದಿದ್ದರೆ ನಕ್ಕು, ತಲೆ ಆಡಿಸಿ, "ಒಳ್ಳೇದಾಯ್ತು ಬಿಡು" ಎನ್ನುತ್ತೇನೆ. ಹತ್ತರಲ್ಲಿ ಒಂಬತ್ತು ಸಲ ನಡೆದುಹೋಗುತ್ತದೆ. ನೀನು ಬಂದದ್ದು ಹತ್ತನೆಯ ಸಲ. ಕಿಟಕಿಗೆ ಬೆನ್ನು ಹಾಕಿ ಕೂತಿದ್ದೆ, ಹಿಂದಿನಿಂದ ಬಿಸಿಲು, ನಿನ್ನ ಮುಖ ಬರೀ ಕಪ್ಪು. ತುಟಿ ಆಡಿದ್ದೂ ಕಾಣಲಿಲ್ಲ. ಮಗು ಬಂದದ್ದು, ಹೋದದ್ದು ಎರಡೂ ನನಗೆ ಗೊತ್ತಾದದ್ದು ನಿನ್ನ ಜೂನ್ ೧೩ರ ಕಾಗದದಿಂದ. ಏಳು ದಿನ ಬರೆಯಲಿಲ್ಲ ಎನ್ನುತ್ತೀಯ. ಏನೆಂದು ಬರೆಯಲಿ?

ಯಾರಿಗೂ ಹೇಳಿಲ್ಲ. ನನ್ನ ಪಕ್ಕದ ಪ್ರೆಸ್ಸಿನಲ್ಲಿ ಉದ್ದಜಡೆ ಇದ್ದಳು, ನೆನಪಿದೆಯಾ? ಹೋದ ವರ್ಷ ಹಿಂದಿನಿಂದ ಬಂದ ಟ್ರಾಲಿಯ ಗಂಟೆ ಅವಳಿಗೆ ಕೇಳಲಿಲ್ಲ. ಮರುದಿನವೇ ಕೈಗೆ ಚೀಟಿ: 'ಕೆಲಸಕ್ಕೆ ಅನರ್ಹ.' "ನನ್ನ ಕಿವಿ ಎಲ್ಲಿ ಹೋಯ್ತು ಸಾರ್?" ಎಂದಳು. "ವಯಸ್ಸಾಯ್ತು ಕಣಮ್ಮ" ಎಂದ ಮ್ಯಾನೇಜರ್. ಅವನ ತುಟಿಯಲ್ಲಿ ನಾನೇ ಓದಿದೆ. ಅವಳಿಗೆ ಮೂವತ್ತೊಂಬತ್ತು! ಕಂಪನಿ ಡಾಕ್ಟರ್ ಪ್ರತಿವರ್ಷ ನಮ್ಮ ಕಾರ್ಡಿಗೆ 'ಕಿವಿ ಸರಿಯಿದೆ' ಎಂದು ಬರೆಯುತ್ತಾನೆ, ತಲೆ ಎತ್ತದೆ. ಕಿವಿಗೆಂದು ಕೊಡುವುದು ಎರಡು ಉಂಡೆ ಹತ್ತಿ.

ಈಗ ಯೋಚಿಸು. ಆ ಗಡ್ಡ ಬೆಳಕಿನ ಹಿಂದೆ ಕತ್ತಲಲ್ಲಿ, ಅವನ ತುಟಿ ಗಡ್ಡದ ಹಿಂದೆ! ಎಡಕ್ಕೆ ಎಂದರೆ ನಾನು ಬಲಕ್ಕೆ ತಿರುಗುತ್ತೇನೆ. ಮ್ಯಾನೇಜರ್ ಅಲ್ಲೇ ಕೈಕಟ್ಟಿ ನಿಂತಿರುತ್ತಾನೆ. ಅಲ್ಲಿಗೆ ನನ್ನ ಕೈಗೂ ಚೀಟಿ. ನಮ್ಮ ಶೆಡ್ಡನ್ನು ಪಟ್ಟಿಯಿಂದ ಬಿಟ್ಟದ್ದು ಮರೆವಿನಿಂದ ಅಲ್ಲ, ಗುಬ್ಬಿ. ನೀನು ಹೋಗಿ ತಳ್ಳಿ ಸೇರಿಸಿದೆ.

ಬೈಯುತ್ತಿಲ್ಲ. ಏನಾದರೂ ಮಾಡು. ಬೇಗ ಮಾಡು.

ಅಕ್ಕ


ಜೂನ್ ೨೮

ಅಕ್ಕಾ,

ಅಳುವುದನ್ನು ಆಮೇಲೆ ಮಾಡುತ್ತೇನೆ, ಈಗ ಹೊತ್ತಿಲ್ಲ.

ನಿನ್ನ ಕಾಗದ ಓದಿ ಕಂಪ್ಯೂಟರಿನ ಮುಂದೆ ಕೂತು ಒಂದು ಕೆಲಸ ಮಾಡಿದೆ. ಪರದೆಯೊಳಗಿನ ಹಾಲನ್ನು ಈ ಸಲ ಕ್ಯಾಮೆರಾದ ಕಣ್ಣಿನಿಂದ ನೋಡದೆ, ಕುರ್ಚಿಯಲ್ಲಿ ಕೂತ ಗೊಂಬೆಯ ಕಣ್ಣಿನಿಂದ ನೋಡಿದೆ. ಇಷ್ಟು ವರ್ಷದಲ್ಲಿ ಒಮ್ಮೆಯೂ ನೋಡಿರಲಿಲ್ಲ. ಏನು ಕಾಣುತ್ತದೆ ಗೊತ್ತೇ? ಎರಡು ಬಿಳಿ ಬೆಂಕಿ, ನಡುವೆ ಒಂದು ಕಪ್ಪು ತೂತು. ಅಷ್ಟೇ. ಆ ತೂತಿನೊಳಗಿಂದ ನಾವು ಜನಕ್ಕೆ 'ಸಹಜವಾಗಿ ಕೂರಿ' ಎಂದು ಹೇಳುತ್ತಾ ಬಂದಿದ್ದೇವೆ.

ಇದರ ಜೊತೆ ಒಂದು ಹಾಳೆ ಇಟ್ಟಿದ್ದೇನೆ. ಒಂಬತ್ತು ಗೊಂಬೆ, ಒಂಬತ್ತು ಭಂಗಿ. ಗಡ್ಡದ ಮಾತು ಕೇಳಬೇಕಾಗಿಲ್ಲ. ಒಂದನೆಯದು: ಬಾಗಿಲಿನ ಚಿಲಕ ನೋಡು. ದೀಪ ಮಿಂಚಿತೇ? ಎರಡನೆಯದು: ಕಿಟಕಿಯ ಮೂರನೇ ಸರಳು. ಮಿಂಚಿತೇ? ಮೂರು: ಗೋಡೆ ಗಡಿಯಾರದ ಕೆಳಗಿನ ಮೊಳೆ. ಹೀಗೆ ಒಂಬತ್ತರವರೆಗೆ. ಮಿಂಚಿಗೊಂದು ಭಂಗಿ. ಗಲ್ಲ ಎಷ್ಟು ಇಳಿಸಬೇಕು ಎಂಬುದಕ್ಕೂ ಬೆರಳಿನ ಅಳತೆ ಬರೆದಿದ್ದೇನೆ. ಇಲ್ಲಿ ಟೀ ತರುವ ಅಮ್ಮನ ಕಿವಿಗೆ ಬಟ್ಟೆ ತುರುಕಿ ಎರಡು ಸಲ ಪರೀಕ್ಷೆ ಮಾಡಿದೆ. "ನಿಂಗೇನು ಹುಚ್ಚಾ ಹುಡುಗಿ?" ಎಂದರು, ಆದರೆ ಒಂಬತ್ತೂ ಸರಿಯಾಗಿ ಕ್ಯಾಮೆರಾಕ್ಕೆ ಸಿಕ್ಕಿತು.

ಗಡ್ಡಕ್ಕೆ ಹೇಳಿದ್ದೇನೆ: "ಸಾರ್, ಆ ಶೆಡ್ಡಿನ ಹೆಂಗಸರು ನಾಚಿಕೆಯವರು, ಮಾತಾಡ್ಸಿದ್ರೆ ಬಿಗಿದುಕೊಳ್ತಾರೆ, ಸುಮ್ನೆ ತೆಗೀತಾ ಹೋಗಿ." "ನಂಗೇನಮ್ಮ, ಗಂಟಲು ಉಳೀತು" ಎಂದರು. ನಿನ್ನನ್ನು ನಾಚಿಕೆಯವಳು ಎಂದದ್ದಕ್ಕೆ ಕ್ಷಮಿಸು. ಇದಕ್ಕಿಂತ ದೊಡ್ಡ ಸುಳ್ಳು ನನ್ನ ಜನ್ಮದಲ್ಲಿ ಹೇಳಿಲ್ಲ.

ಬಾಯಿಪಾಠ ಮಾಡಿ ಹಾಳೆ ಸುಟ್ಟುಬಿಡು. ಯಾರಿಗೂ ತೋರಿಸಬೇಡ.

ಗುಬ್ಬಿ


ಜುಲೈ ೨

ಗುಬ್ಬಿ,

ತೋರಿಸಬೇಡ ಎಂದೆ. ನಾನು ತೋರಿಸಲಿಲ್ಲ. ಶೆಡ್ಡಿನಲ್ಲಿ ಬಟ್ಟೆ ಇಡುವ ಕಪಾಟಿನ ಬಾಗಿಲ ಒಳಗೆ ಅಂಟಿಸಿಕೊಂಡಿದ್ದೆ, ಅಷ್ಟೇ.

ಮೊದಲು ನೋಡಿದವಳು ಗಡಿಯಾರ. ನಮ್ಮಲ್ಲಿ ಒಬ್ಬಳಿಗೆ ಆ ಹೆಸರು, ಒಂದು ನಿಮಿಷ ತಡವಾಗಿ ಬಂದವಳಲ್ಲ. "ಏನೇ ಇದು?" ಎಂದಳು. "ನನ್ನ ತಂಗಿ ಕಳಿಸಿದ್ದು. ಇದಿದ್ರೆ ಫೋಟೋದವನು ಹೇಳೋದು ಕೇಳಿಸ್ಕೋಬೇಕಾಗಿಲ್ಲ" ಎಂದೆ. ಅವಳ ಮುಖ ಒಂದು ಥರ ಆಯಿತು. "ನಂಗೂ ಒಂದು ಬರ್ಕೊಡು. ನಂಗಲ್ಲ, ನಮ್ಮತ್ತೆಗೆ ತೋರ್ಸೋಕೆ." ಅತ್ತೆಗೇಕೆ ಇದು ಎಂದುಕೊಂಡೆ. ಮರುದಿನ ಇನ್ನೊಬ್ಬಳು: "ನಂಗೆ ಮರೆವು ಜಾಸ್ತಿ, ಒಂದು ಬರ್ಕೊಡು." ಮತ್ತೊಬ್ಬಳು: "ಚಿತ್ರ ಚೆನ್ನಾಗಿದೆ, ಗೋಡೆಗೆ ಅಂಟಿಸ್ಕೋತೀನಿ." ನಮ್ಮೆಲ್ಲರಿಗಿಂತ ಹಿರಿಯಳು ದೊಡ್ಡಮ್ಮ, ಇಪ್ಪತ್ತೇಳು ವರ್ಷದ ಸರ್ವಿಸು, ಕಾರಣವನ್ನೇ ಹೇಳಲಿಲ್ಲ. ಕೈ ಚಾಚಿ ನಿಂತಳು. ಎರಡು ದಿನದಲ್ಲಿ ಹತ್ತು ಜನ. ಹನ್ನೆರಡರಲ್ಲಿ ಕೇಳದೆ ಉಳಿದವಳು ಎಣಿಕೆಯವಳು ಒಬ್ಬಳೇ. ಅವಳು ಶೆಡ್ಡಿನ ಹೊರಗೆ ಕೂತು ಮುಚ್ಚಳ ಎಣಿಸುವವಳು.

ನಾನು ದಡ್ಡಿಯೇ? ನಿನ್ನೆ ಊಟದ ಹೊತ್ತಿಗೆ ಎಲ್ಲರೂ ಕೈ ತೊಳೆಯುತ್ತಿದ್ದಾಗ ಸೋಪಿನ ತುಂಡು ತೆಗೆದುಕೊಂಡು ಕನ್ನಡಿಯ ಮೇಲೆ ಬರೆದೆ: 'ನನಗೆ ಕಿವಿ ಕೇಳುವುದಿಲ್ಲ.' ಗಡಿಯಾರ ಓದಿದಳು, ಸೋಪು ಕಿತ್ತುಕೊಂಡಳು, ಕೆಳಗೆ ಬರೆದಳು: 'ನನಗೂ.' ಆಮೇಲೆ ಮತ್ತೊಬ್ಬಳು: 'ನನಗೂ.' ಒಂಬತ್ತು 'ನನಗೂ'. ದೊಡ್ಡಮ್ಮನಿಗೆ ಬರೆಯಲು ಬಾರದು, ಒಂದು ಗೆರೆ ಎಳೆದಳು. ಕನ್ನಡಿಯಲ್ಲಿ ನಮ್ಮ ಮುಖವೇ ಕಾಣದ ಹಾಗಾಯಿತು.

ನೋಡು ಇದನ್ನು. ಪಕ್ಕಪಕ್ಕದಲ್ಲಿ ನಿಂತು, ಒಬ್ಬಳ ಮುಖ ನೋಡಿ ಒಬ್ಬಳು ನಕ್ಕು, ತಲೆ ಆಡಿಸಿ, "ಒಳ್ಳೇದಾಯ್ತು ಬಿಡು" ಎಂದುಕೊಂಡು ವರ್ಷಗಟ್ಟಲೆ ಬದುಕಿದ್ದೇವೆ. ಪ್ರೆಸ್ಸಿನ ಗದ್ದಲದಲ್ಲಿ ಯಾರಿಗೂ ಏನೂ ಕೇಳಿಸುವುದಿಲ್ಲ ಎಂದುಕೊಂಡಿದ್ದೆ. ಗದ್ದಲ ನಿಂತ ಮೇಲೂ ಯಾರಿಗೂ ಕೇಳಿಸುತ್ತಿರಲಿಲ್ಲ! ಹನ್ನೊಂದು ಜನರ ಕಿವಿ ತಿಂದ ಶೆಡ್ಡು ಅದು. ಹನ್ನೊಂದು ಜನರೂ ಅದನ್ನು ತಮ್ಮದೇ ಕಳ್ಳತನ ಎಂಬ ಹಾಗೆ ಬಚ್ಚಿಟ್ಟುಕೊಂಡಿದ್ದೆವು.

ಈಗ ನಿನ್ನ ಪ್ಲಾನ್ ಬದಲಾಯಿಸು. ಬೆಳಕು ನಮ್ಮ ಮುಖಕ್ಕೆ ಬೇಡ, ಕಿವಿಗೆ ಹಾಕು. ಹನ್ನೊಂದು ಜನವೂ ಕೂದಲು ಎಳೆದು ಕಟ್ಟಿ, ಪಕ್ಕಕ್ಕೆ ತಿರುಗಿ, ಕ್ಯಾಮೆರಾಕ್ಕೆ ಕಿವಿ ಕೊಟ್ಟು ಕೂರುತ್ತೇವೆ. ಚಿತ್ರದ ಕೆಳಗೆ ಯಾವ ವಿಭಾಗ, ಎಷ್ಟು ವರ್ಷ ಎಂದು ಕಂಪನಿಯೇ ಅಚ್ಚು ಹಾಕಿಸುತ್ತದಲ್ಲ? ಹಾಕಿಸಲಿ. ನಾವು ಒಂದಕ್ಷರ ಬರೆಯುವುದಿಲ್ಲ. ಒಬ್ಬಳು ಬಾಯಿ ಬಿಟ್ಟರೆ ಅನರ್ಹಳು. ಅವರದೇ ಗೋಡೆ ಹನ್ನೊಂದು ಸಲ ಹೇಳಿದರೆ? ಇಷ್ಟು ದಿನ ಈ ಕಿವಿಗೆ ಹೂವಿಟ್ಟದ್ದು ಸಾಕು.

ನಿನ್ನ ಕೆಲಸಕ್ಕೆ ಕುತ್ತು ಬರಬಹುದು. ಗೊತ್ತಿದ್ದೇ ಕೇಳುತ್ತಿದ್ದೇನೆ.

ಅಕ್ಕ


ಜುಲೈ ೫, ಬೆಳಿಗ್ಗೆ

ಅಕ್ಕಾ,

ಆಗುವುದಿಲ್ಲ. ನಿನ್ನನ್ನು ಬಚಾವು ಮಾಡಲು ನಾನು ಪ್ಲಾನ್ ಹಾಕಿದರೆ, ಹನ್ನೊಂದು ಜನರೂ ಒಟ್ಟಿಗೆ ಬಾವಿಗೆ ಹಾರಲು ಪ್ಲಾನ್ ಕೇಳುತ್ತೀಯ. ಎಲ್ಲರ ಕೈಗೂ ಒಂದೇ ದಿನ ಚೀಟಿ ಕೊಟ್ಟರೆ? ದೊಡ್ಡಮ್ಮನಿಗೆ ಬೇರೆ ಯಾರು ಕೆಲಸ ಕೊಡುತ್ತಾರೆ? ನನಗೆ ಯಾರು ಕೊಡುತ್ತಾರೆ? ಈ ಪರದೆ ಬಿಟ್ಟರೆ ನನಗೆ ಉಳಿದಿರುವುದು ಏನು? ನೀನು ಯಾವಾಗಲೂ ಹೀಗೇ. ಮೆರವಣಿಗೆಯ ಮೊದಲ ಸಾಲಿನಲ್ಲಿ ನೀನು, ಹಿಂದೆ ನಿನ್ನ ಚಪ್ಪಲಿ ಆರಿಸಿಕೊಂಡು ಓಡುವವಳು ನಾನು.

ಮೊದಲಿನ ಹಾಳೆಯನ್ನೇ ಬಾಯಿಪಾಠ ಮಾಡು. ಹನ್ನೊಂದು ಜನರೂ ಮಾಡಲಿ. ಯಾರಿಗೂ ಗೊತ್ತಾಗುವುದಿಲ್ಲ.

ಗುಬ್ಬಿ


ಜುಲೈ ೫, ಸಂಜೆ

ಅಕ್ಕಾ,

ಬೆಳಗಿನ ಕಾಗದವನ್ನು ಅಂಚೆಗೆ ಹಾಕಿಬಿಟ್ಟಿದ್ದೆ. ಮಧ್ಯಾಹ್ನ ಹೋಗಿ ವಾಪಸ್ ಕೇಳಿದೆ, "ಡಬ್ಬಿಗೆ ಬಿದ್ದಿದ್ದು ಸರ್ಕಾರದ್ದು" ಎಂದ ಅಂಚೆಯವನು. ಎರಡೂ ಒಟ್ಟಿಗೆ ಬಂದರೆ ಇದನ್ನು ನಂಬು.

'ಯಾರಿಗೂ ಗೊತ್ತಾಗುವುದಿಲ್ಲ' ಎಂದು ಬರೆದೆನಲ್ಲ, ಅದು ದಿನವಿಡೀ ನನ್ನನ್ನು ಬಿಡಲಿಲ್ಲ. ಯಾರಿಗೂ ಗೊತ್ತಾಗದೆ ಇದ್ದದ್ದರಿಂದಲೇ ಅಲ್ಲವೇ ನಾವಿಬ್ಬರೂ ಎರಡು ವರ್ಷ ಕಳೆದುಕೊಂಡದ್ದು. ಸುಮ್ಮನೆ ನೋಡೋಣ ಎಂದು ನಿನ್ನ ಗೊಂಬೆಯನ್ನು ಪಕ್ಕಕ್ಕೆ ತಿರುಗಿಸಿದೆ. ಈ ಪ್ರೋಗ್ರಾಮಿನಲ್ಲಿ ಹೆಣ್ಣು ಗೊಂಬೆಗಳಿಗೆಲ್ಲ ಕಿವಿ ಮುಚ್ಚುವ ಹಾಗೆ ಕೂದಲು. ಕೂದಲು ತೆಗೆದೆ. ಅಕ್ಕಾ, ಗೊಂಬೆಗೆ ಕಿವಿಯೇ ಇರಲಿಲ್ಲ! ಆ ಜಾಗ ಮೊಟ್ಟೆಯ ಹಾಗೆ ನುಣ್ಣಗೆ. ಹೆಂಗಸಿನ ಕಿವಿ ಯಾವ ಫೋಟೋಕ್ಕೂ ಬೇಕಾಗುವುದಿಲ್ಲ ಎಂದು ಇದನ್ನು ಮಾಡಿದವನು ಯಾವನೋ ಮೊದಲೇ ತೀರ್ಮಾನ ಮಾಡಿಬಿಟ್ಟಿದ್ದಾನೆ. ನಾನು ಐದು ವರ್ಷ ಇದರಲ್ಲಿ ಕೆಲಸ ಮಾಡಿಯೂ ನೋಡಿರಲಿಲ್ಲ.

ಗಂಡು ಗೊಂಬೆಯ ಕಿವಿ ಕಿತ್ತು ನಿನಗೆ ಅಂಟಿಸಿದೆ. ದೊಡ್ಡದಾಯಿತು, ಆನೆಯ ಹಾಗೆ ಕಾಣುತ್ತೀಯ. ಸ್ವಲ್ಪ ಉಜ್ಜಿ ಸರಿಮಾಡಿದ್ದೇನೆ. ಹನ್ನೊಂದು ಹಾಳೆ ಇದರೊಳಗಿದೆ. ದೀಪ ಕುರ್ಚಿಯ ಹಿಂಬದಿಯಿಂದ, ಕಿವಿಯ ಎತ್ತರಕ್ಕೆ. ಮುಖ ಅರ್ಧ ನೆರಳಲ್ಲಿ. ಕಣ್ಣು ಬಾಗಿಲ ಚಿಲಕದ ಮೇಲೆಯೇ ಇರಲಿ.

ಗುಬ್ಬಿ


ಜುಲೈ ೮

ಅಕ್ಕಾ,

ಸಹಿ ಬಿತ್ತು! ಪುಸ್ತಕದ ಮೊದಲ ಹಾಳೆ ಮ್ಯಾನೇಜರನ ಸ್ವಂತ ಭಾವಚಿತ್ರದ್ದು, ಗೋಡೆಗಲ್ಲ, ಅವನ ಕೋಣೆಗೆ. ಅದನ್ನೇ ನಾಲ್ಕು ಸಲ ವಾಪಸ್ ಕಳಿಸಿದ: "ಗಲ್ಲದ ಕೆಳಗಿನದು ಕಡಿಮೆ ಮಾಡಿ." "ಇನ್ನೂ ಕಾಣಿಸ್ತಿದೆ." ನಾನು ದೀಪ ಇಳಿಸುತ್ತಾ ಹೋದೆ, ಗಲ್ಲ ಮಾಯವಾಗುತ್ತಾ ಹೋಯಿತು. ಐದನೇ ಸಲ "ಬ್ಯೂಟಿಫುಲ್" ಎಂದು ಬರೆದು ಮಿಕ್ಕ ನಲವತ್ತು ಹಾಳೆಗೂ ಸಹಿ ಹಾಕಿ ಕಳಿಸಿದ. ಆ ನಲವತ್ತನ್ನು ತೆರೆದು ನೋಡಿದ್ದರೆ ನನ್ನ ಹೆಸರು ಬದಲಾಯಿಸು.

ಕೂರಲಾಗುತ್ತಿಲ್ಲ. ಹನ್ನೊಂದನೇ ತಾರೀಖು ಮುಗಿದ ತಕ್ಷಣ ಬರಿ.

ಗುಬ್ಬಿ


ಜುಲೈ ೧೨

ಗುಬ್ಬಿ,

ಮುಗಿಯಿತು. ಮ್ಯಾನೇಜರ್ ಬೆಳಿಗ್ಗೆ ತನ್ನದನ್ನು ತೆಗೆಸಿಕೊಂಡು ಗಲ್ಲ ಸವರಿಕೊಂಡು ಹೋದವನು ಮತ್ತೆ ಬರಲಿಲ್ಲ. ಮಧ್ಯಾಹ್ನ ನಮ್ಮ ಸರದಿ. ದೊಡ್ಡಮ್ಮ ಮೊದಲು, ನಾನು ನಾಲ್ಕನೆಯವಳು.

ಕುರ್ಚಿಯಲ್ಲಿ ಕೂತೆ. ನೀನು ಬರೆದ ಹಾಗೇ ಪಕ್ಕಕ್ಕೆ ತಿರುಗಿದೆ, ಬಿಳಿ ಬೆಂಕಿ ಬೆನ್ನ ಹಿಂದೆ, ಕಪ್ಪು ತೂತು ಪಕ್ಕದಲ್ಲಿ. ಚಿಲಕ ಹಿಡಿದುಕೊಂಡೆ, ಕಣ್ಣಿನಲ್ಲಿ. ಮಿಂಚಲಿಲ್ಲ. ಎಷ್ಟು ಹೊತ್ತಾದರೂ ಮಿಂಚಲಿಲ್ಲ. ಏನೋ ಹೇಳುತ್ತಿದ್ದಾನೆ, ನನಗೆ ಕೇಳುತ್ತಿಲ್ಲ, ಸಿಕ್ಕಿಬಿದ್ದೆ ಎಂದುಕೊಂಡೆ. ಅಷ್ಟರಲ್ಲಿ ಗಡ್ಡ ಕತ್ತಲಿನಿಂದ ಎದ್ದು ಬಂದು ನನ್ನ ಮುಂದೆ ಮಂಡಿಯೂರಿ ಕೂತ. ಬೆಳಕು ಅವನ ಮುಖದ ಮೇಲೆ ಬಿತ್ತು. ಗಡ್ಡವನ್ನು ಎರಡು ಕೈಯಲ್ಲಿ ಕೆಳಗೆ ಒತ್ತಿ ಹಿಡಿದು, ನಿಧಾನವಾಗಿ, ಬಿಡಿಸಿ ಬಿಡಿಸಿ ಹೇಳಿದ: "ನಿಮ್ಗೆ ಕೇಳಿಸ್ತಿಲ್ಲ. ಅಲ್ವಾ?"

ನಾನು ನಗಲಿಲ್ಲ. ತಲೆ ಆಡಿಸಲಿಲ್ಲ. ಅವನ ಕಣ್ಣನ್ನೇ ನೋಡಿದೆ.

ಎದ್ದುಹೋಗಿ ದೀಪವನ್ನು ಒಂದು ಇಂಚು ಹತ್ತಿರ ಎಳೆದ. ಸಹಿ ಬಿದ್ದ ಹಾಳೆ ಬಿಟ್ಟು ಒಂದು ಇಂಚು ಹೋಗದವನು ಎಂದಿದ್ದೆಯಲ್ಲ? ಹೋದ. ಕಿವಿ ಬೆಚ್ಚಗಾಯಿತು. ಆಮೇಲೆ ಮಿಂಚಿತು.

ಅಕ್ಕ


ಜುಲೈ ೨೬

ಅಕ್ಕಾ,

ಪ್ರಿಂಟ್‌ಗಳು ಬಂದವು. ಗಡ್ಡ ನಿಮ್ಮ ಹನ್ನೊಂದನ್ನೂ ನೆಲದ ಮೇಲೆ ಹಾಸಿ ನೋಡುತ್ತಾ ನಿಂತರು. ನನ್ನ ಕಡೆ ತಿರುಗದೆ "ನಾಚಿಕೆಯವರು ಅಂದ್ಯಲ್ಲ ಹುಡುಗಿ" ಎಂದರು, ಅಷ್ಟೇ. ನಿಮ್ಮ ಮ್ಯಾನೇಜರ್ ನೋಡಿ "ಏನೋ ಕಲೆ ಥರ ಇದೆ, ಇರ್ಲಿ" ಎಂದನಂತೆ. ಈಗ ಚೌಕಟ್ಟು ಹಾಕಿಸಿ, ಬಟ್ಟೆ ಮುಚ್ಚಿ ಇಟ್ಟಿದ್ದಾರೆ. ಗೋಡೆ ತೆರೆಯುವುದು ಆಗಸ್ಟ್ ೯ಕ್ಕೆ.

ಕೈ ಸುಮ್ಮನಿರುತ್ತಿಲ್ಲ. ಇವತ್ತು ಒಂದು ಮಗುವಿನ ಭಾವಚಿತ್ರಕ್ಕೆ ಗೊಂಬೆ ಕೂರಿಸಬೇಕಿತ್ತು. ಮೊದಲು ಅದಕ್ಕೆ ಕಿವಿ ಇದೆಯೇ ಎಂದು ನೋಡಿದೆ.

ಗುಬ್ಬಿ


ಆಗಸ್ಟ್ ೧೦

ಗುಬ್ಬಿ,

ನಿನ್ನೆ ಆದದ್ದನ್ನು ಆದ ಹಾಗೇ ಬರೆಯುತ್ತೇನೆ. ಅರ್ಧ ನಾನು ಕಂಡದ್ದು, ಅರ್ಧ ಎಣಿಕೆಯವಳು ಎದುರಿಗೆ ಕೂತು ಹೇಳಿದ್ದು.

ಮಾಲೀಕರು, ಅವರ ಮನೆಯವರು, ಕಾರ್ಮಿಕ ಇಲಾಖೆಯ ಒಬ್ಬ ಅಧಿಕಾರಿ, ಎಲ್ಲ ಬಂದಿದ್ದರು. ಬಟ್ಟೆ ಎಳೆದರು. ಇಪ್ಪತ್ತೊಂಬತ್ತು ಮುಖ, ಹನ್ನೊಂದು ಕಿವಿ. ಪ್ರತಿ ಕಿವಿಯ ಕೆಳಗೆ ಕಂಪನಿಯದೇ ಅಚ್ಚು: 'ಮುಚ್ಚಳ ವಿಭಾಗ, ೧೮ ವರ್ಷ.' 'ಮುಚ್ಚಳ ವಿಭಾಗ, ೨೭ ವರ್ಷ.' 'ಮುಚ್ಚಳ ವಿಭಾಗ, ೧೬ ವರ್ಷ.' ನಾವು ನಲವತ್ತು ಜನವೂ ಗೋಡೆಯ ಕಡೆ ಮುಖ ಮಾಡಿ ನಿಂತಿದ್ದೆವು, ತಂತಮ್ಮ ಚಿತ್ರದ ಮುಂದೆ. ಅಧಿಕಾರಿ ನಮ್ಮ ಬೆನ್ನ ಹಿಂದೆ ಒಂದು ತುದಿಯಿಂದ ಓದುತ್ತಾ ಬಂದನಂತೆ. ನಮ್ಮ ಹತ್ತಿರ ಬಂದು ನಿಂತನಂತೆ. "ಯಾಕಮ್ಮ, ನೀವೆಲ್ಲಾ ಕಿವಿ ಯಾಕೆ ತೋರಿಸ್ತಿದ್ದೀರಿ?" ಎಂದು ಕೇಳಿದನಂತೆ.

ಯಾರೂ ತಿರುಗಲಿಲ್ಲ.

ಇನ್ನೊಮ್ಮೆ, ಜೋರಾಗಿ ಕೇಳಿದನಂತೆ. ಇಪ್ಪತ್ತೊಂಬತ್ತು ತಲೆ ತಿರುಗಿದವು. ಹನ್ನೊಂದು ತಿರುಗಲಿಲ್ಲ. ನಾವು ನಮ್ಮ ಕಿವಿಗಳನ್ನು ನೋಡುತ್ತಾ ನಿಂತೇ ಇದ್ದೆವು. ಮ್ಯಾನೇಜರ್ "ಏಯ್, ಸಾಹೇಬ್ರು ಕೇಳ್ತಿದ್ದಾರೆ!" ಎಂದು ಕೂಗಿದನಂತೆ. ಆಗಲೂ ಇಲ್ಲ. ಅಂಗಳವೇ ಸ್ತಬ್ಧವಾಯಿತು ಎನ್ನುತ್ತಾಳೆ ಎಣಿಕೆಯವಳು. ಆ ಮೌನವನ್ನು ಕೇಳಿಸಿಕೊಂಡವರು ಅವರು, ನಾವಲ್ಲ.

ಇದು ನಿನ್ನ ಪ್ಲಾನಿನಲ್ಲಿ ಇರಲಿಲ್ಲ ಗುಬ್ಬಿ. ನಮ್ಮದರಲ್ಲೂ ಇರಲಿಲ್ಲ.

ಎಣಿಕೆಯವಳು ಬಂದು ನನ್ನ ತೋಳು ಹಿಡಿದು ತಿರುಗಿಸಿದಳು. ಅಧಿಕಾರಿಯ ಮುಖ ಬೆಳ್ಳಗಾಗಿತ್ತು, ಮ್ಯಾನೇಜರನದು ಕಪ್ಪಗೆ. ನಾನು ಹೇಳಿದೆ. ಎಷ್ಟು ಜೋರಾಗಿ ಹೇಳಿದೆನೋ ನನಗೆ ಗೊತ್ತಿಲ್ಲ. ಗೇಟಿನ ಆಚೆ ಬಸ್ಸಿಗೆ ಕಾದಿದ್ದವರೂ ತಿರುಗಿ ನೋಡಿದರಂತೆ.

ಅಕ್ಕ


ಆಗಸ್ಟ್ ೧೭

ಅಕ್ಕಾ,

ಓದಿದೆ. ಮತ್ತೆ ಮತ್ತೆ ಓದಿದೆ. ಟೀ ಅಮ್ಮನಿಗೂ ಓದಿ ಹೇಳಿದೆ, ಅವರು ಕೈ ಮುಗಿದರು, ಯಾರಿಗೋ ಗೊತ್ತಿಲ್ಲ.

ಇಲ್ಲಿ ಎಲ್ಲ ಚೆನ್ನಾಗಿದೆ. ಕೆಲಸ ಸ್ವಲ್ಪ ಕಡಿಮೆ, ಅದೂ ಒಳ್ಳೆಯದೇ ಆಯಿತು ಬಿಡು. ಇನ್ನು ಮೇಲೆ ಈ ವಿಳಾಸಕ್ಕೆ ಬರಿ. ನಿನ್ನ ಕೆಲಸ ಉಳಿಯಿತೇ, ಅದನ್ನು ಮೊದಲು ಹೇಳು.

ಗುಬ್ಬಿ


ಆಗಸ್ಟ್ ೨೩

ಗುಬ್ಬಿ,

ಉಳಿಯಿತೋ ಇಲ್ಲವೋ ಇನ್ನೂ ತಿಳಿಯದು. ಇಲಾಖೆಯವರು ಪ್ರೆಸ್ಸು ನಿಲ್ಲಿಸಿದ್ದಾರೆ. ಹೊರಗಿನ ಕಿವಿ ಡಾಕ್ಟರ್ ಬಂದು ಒಬ್ಬೊಬ್ಬರನ್ನೂ ಪೆಟ್ಟಿಗೆಯಂಥ ಕೋಣೆಯಲ್ಲಿ ಕೂರಿಸಿ ಪರೀಕ್ಷೆ ಮಾಡಿದರು. 'ವಯಸ್ಸಿನಿಂದ ಅಲ್ಲ' ಎಂದು ಬರೆದಿದ್ದಾರೆ. ಉದ್ದಜಡೆಗೆ ಹೇಳಿ ಕಳಿಸಿದೆವು, ಅವಳೂ ಬಂದು ಕೂತಳು. ಕಂಪನಿಯವರು ಮೊನ್ನೆ ಹನ್ನೊಂದು ಚಿತ್ರ ಕೆಳಗಿಳಿಸಲು ಏಣಿ ತಂದರು. ಇಪ್ಪತ್ತೊಂಬತ್ತು ಜನ ಏಣಿಯ ಮುಂದೆ ಕೂತುಬಿಟ್ಟರು. ನಾವು ಕೂರುವ ಮೊದಲೇ ಅವರು ಕೂತಿದ್ದರು, ಅದನ್ನು ನಾನು ಮರೆಯುವುದಿಲ್ಲ. ಏಣಿ ಈಗ ಗೇಟಿನ ಹತ್ತಿರ ಒರಗಿ ನಿಂತಿದೆ. ನಾಳೆ ಏನೋ.

ಈಗ ನಿನ್ನ ವಿಷಯ. ನಿನ್ನ ಲಕೋಟೆಯ ಮೇಲೆ ಸ್ಟುಡಿಯೋದ ಮುದ್ರೆ ಇಲ್ಲ. ವಿಳಾಸ ಯಾರದೋ ಮನೆಯ ಮಹಡಿಯದು. 'ಒಳ್ಳೆಯದೇ ಆಯಿತು ಬಿಡು' ಎಂದು ಬರೆದಿದ್ದೀಯ. ನಕ್ಕು ತಲೆ ಆಡಿಸುವುದನ್ನು ನನ್ನ ಹತ್ತಿರ ಮಾಡಬೇಡ ಕಣೇ, ಆ ವಿದ್ಯೆ ನನ್ನದು. ಕೆಲಸದಿಂದ ತೆಗೆದರು, ಅಲ್ಲವೇ? ನಾನು ಕೇಳಿದ್ದಕ್ಕೆ ಹೋಯಿತು. ಅದು ನನಗೆ ಗೊತ್ತಿರಲಿ.

ಬಾ. ನನ್ನ ಕೋಣೆಯಲ್ಲಿ ಇಬ್ಬರಿಗೆ ಜಾಗ ಇದೆ. ಒಲೆಯ ಪಕ್ಕದ ಕುರ್ಚಿಯನ್ನು ತಿರುಗಿಸಿ ಇಟ್ಟಿದ್ದೇನೆ. ಅಳತೆ ಬೇಕಿದ್ದರೆ ಕಳಿಸುತ್ತೇನೆ, ನಿನ್ನ ಕಂಪ್ಯೂಟರಿನಲ್ಲಿ ಕೂರಿಸಿ ನೋಡು. ಆವತ್ತು ನೀನು ಹೇಳಲು ಬಂದದ್ದನ್ನು ಮತ್ತೆ ಮೊದಲಿನಿಂದ ಹೇಳು. ಎಷ್ಟು ಹೊತ್ತಾದರೂ ಸರಿ. ಈ ಸಲ ಕಿಟಕಿಗೆ ಬೆನ್ನು ಹಾಕಬೇಡ. ಬೆಳಕು ನಿನ್ನ ಮುಖದ ಮೇಲೆ ಬೀಳಲಿ.

ಅಕ್ಕ